ಪರದೆಯಾಚೆಯ ಹೂಂ

“ಅಜ್ಜಾರ, ನಾ ಕಟ್ಟಿದ ಬಳಗ ಯಾಕ ಉಳೀಲಿಲ್ಲ?” ಎಂದು ಗುರುಪಾದ ಮಠದ ಸ್ವಾಮಿಗಳನ್ನು ಕೇಳಿದ.

ಅವನು ಮಠದ ಶಿಷ್ಯ, ಕತೆ ಬರೆಯುವವನು. ಮೂರು ವರ್ಷದ ಹಿಂದೆ, ಬರೆಯುವವರೆಲ್ಲ ಸೇರಲೆಂದು ಅಂತರ್ಜಾಲದಲ್ಲಿ ಒಂದು ತಾಣ ತೆರೆದಿದ್ದ. ಯಾರು ಬೇಕಾದರೂ ಬರೆದು ಹಾಕಬಹುದು, ಉಳಿದವರು ಓದಿ ಎರಡು ಮಾತು ಹೇಳಬೇಕು, ಇಷ್ಟೇ ಕಟ್ಟಳೆ. ಸಾವಿರ ಜನ ಬಂದರು. ಸಾವಿರ ಜನವೂ ಬರೆದರು, ಓದುವವರು ಸಿಗಲಿಲ್ಲ. ಆಗ ಗುರುಪಾದನೇ ಹನ್ನೊಂದು ಸುಳ್ಳು ಹೆಸರು ಇಟ್ಟುಕೊಂಡು ಎಲ್ಲರ ಬರಹದ ಕೆಳಗೂ ‘ತುಂಬ ಚೆನ್ನಾಗಿದೆ’ ಎಂದು ಬರೆಯತೊಡಗಿದ. ತನ್ನದೊಂದು ಕತೆ ಬರೆಯಲು ಅವನಿಗೆ ಆ ಮೂರು ವರ್ಷ ಪುರಸೊತ್ತೇ ಆಗಲಿಲ್ಲ. ಹೋದ ತಿಂಗಳು ತಾಣ ಮುಚ್ಚಿತು. ಯಾಕೆ ಮುಚ್ಚಿದಿರಿ ಎಂದು ಒಬ್ಬರೂ ಕೇಳಲಿಲ್ಲ. ಅದೇ ಅವನನ್ನು ಒಳಗೊಳಗೇ ತಿನ್ನುತ್ತಿತ್ತು.

“ಮತ್ತೊಮ್ಮೆ ಕಟ್ಟಬೇಕಂತ ಮಾಡೀನ್ರಿ. ನಿಮ್ಮ ಆಶೀರ್ವಾದ ಬೇಕು,” ಎಂದ.

“ಮೊದಲ ಒಂದು ಕತಿ ಹೇಳತೀನಿ, ಹೂಂ ಅನ್ನು,” ಎಂದರು ಅಜ್ಜನವರು. “ಹೂಂ ಅನ್ನವರು ಇಲ್ಲದಿದ್ರ ನನಗ ಕತಿ ಹೇಳಾಕ ಬರೂದಿಲ್ಲ.”

“ಹೂಂ,” ಎಂದ ಗುರುಪಾದ. ಅಜ್ಜನವರು ಶುರು ಮಾಡಿದರು.

ಒಂದು ಊರಿನಲ್ಲಿ ಒಬ್ಬ ದರ್ಜಿಯಿದ್ದ. ಕತೆಯೆಂದರೆ ಅವನಿಗೆ ಪ್ರಾಣ. ಹೇಳೋಣವೆಂದರೆ ಮನೆಯಲ್ಲಿ ಹೂಂಗುಟ್ಟುವವರಿಲ್ಲ. ನನ್ನಂಥವರು ಊರಲ್ಲಿ ಎಷ್ಟೋ ಜನ ಇರಬೇಕು, ಎಲ್ಲರೂ ಒಂದು ಕಡೆ ಸೇರಿದರೆ ಒಬ್ಬರಿಗೊಬ್ಬರು ಹೂಂಗುಟ್ಟಬಹುದು ಎಂದು ಯೋಚಿಸಿದ. ಅಂಗಡಿಯ ಪಕ್ಕದಲ್ಲಿ ಒಂದು ಪಡಸಾಲೆ ಕಟ್ಟಿಸಿದ. ಹೇಳುವವರಿಗೆ ನಾಚಿಕೆಯಾಗದಿರಲೆಂದು ನಡುವೆ ಒಂದು ಪರದೆ ಹೊಲಿದು ಇಳಿಬಿಟ್ಟ. ಈಚೆ ಹೇಳುವವರು, ಆಚೆ ಕೇಳುವವರು.

ಜನ ಬಂದರು. ಬಂದವರೆಲ್ಲ ಈಚೆಯೇ ಕುಳಿತರು. ಗೋಡೆಗೂ ಕಿವಿಯಿದೆ ಎನ್ನುತ್ತಾರೆ, ಮನುಷ್ಯರಿಗೆ ಇದೆಯೆಂದು ಯಾರೂ ಹೇಳಿಲ್ಲ.

ಗುರುಪಾದ ನಕ್ಕು ಹೂಂ ಎಂದ.

ಆಚೆ ಯಾರೂ ಇಲ್ಲವೆಂದು ಗೊತ್ತಾದರೆ ಜನ ಎದ್ದು ಹೋದಾರೆಂದು ದರ್ಜಿ ತಾನೇ ಹಿಂಬಾಗಿಲಿನಿಂದ ಹೋಗಿ ಕುಳಿತ. ಒಮ್ಮೆ ಮುದುಕನ ದನಿಯಲ್ಲಿ, ಒಮ್ಮೆ ಹೆಂಗಸಿನ ದನಿಯಲ್ಲಿ, ಒಮ್ಮೆ ಊರಗೌಡನ ಗತ್ತಿನಲ್ಲಿ ಹೂಂ ಎಂದ. ಹೇಳುವವರು ಹಿಗ್ಗಿದರು. ಆಚೆ ಮಂದಿ ಕಿಕ್ಕಿರಿದಿದ್ದಾರೆಂದು ಊರೆಲ್ಲ ಸುದ್ದಿಯಾಯಿತು. ಸರದಿ ಬೆಳೆಯಿತು. ಇವರಲ್ಲಿ ನಾಲ್ಕು ಜನ ನಾಳೆ ಆಚೆಗೆ ಬಂದಾರು ಎಂದು ದರ್ಜಿ ಕಾದ. ನಾಳೆ ಬಂತು, ಅವರು ಬರಲಿಲ್ಲ. ಅಂಗಡಿಯ ಕೆಲಸ ಹಿಂದೆ ಬಿತ್ತು. ಹೊಲಿಗೆಯನ್ನೂ ಪರದೆಯ ಹಿಂದಕ್ಕೇ ತಂದುಕೊಂಡ. ಕೈಯಲ್ಲಿ ಸೂಜಿ, ಬಾಯಲ್ಲಿ ಹೂಂ. ಕಿವಿ ಮಾತ್ರ ಎಂದೋ ಎದ್ದು ಮನೆಗೆ ಹೋಗಿತ್ತು.

ಒಂದು ದಿನ ತಡೆಯಲಾರದೆ ಅವನೂ ಈಚೆ ಬಂದು ತನ್ನ ಕತೆ ಶುರು ಮಾಡಿದ. ಆಚೆಯಿಂದ ಒಂದು ಹೂಂ ಕೂಡ ಬರಲಿಲ್ಲ. ಬರುವುದಾದರೂ ಹೇಗೆ? “ನಿನ್ನ ಕತಿ ಮಂದಿಗೆ ಹಿಡಿಸಿಲ್ಲ, ಏಳಪ್ಪಾ,” ಎಂದು ಸರದಿಯಲ್ಲಿದ್ದವರು ಅವನನ್ನು ಎಬ್ಬಿಸಿದರು.

ಆಮೇಲೆ ಒಬ್ಬ ಮುದುಕಿ ಬಂದಳು. ಅವಳು ಹೇಳಬಂದದ್ದು ಕತೆಯಲ್ಲ. ಅವಳಿಗೆ ಒಬ್ಬಳು ಮಗಳಿದ್ದಳು, ದುಂಡವ್ವ ಎಂದು ಹೆಸರು. ಏಳು ವರ್ಷದ ಆ ಕೂಸು ತಾಯಿಯ ಜತೆ ಬಟ್ಟೆ ಒಗೆಯಲು ಹೊಳೆಗೆ ಹೋಗಿತ್ತು. ತಾಯಿ ಒಂದು ಸೀರೆ ಹಿಂಡಿ ತಿರುಗುವಷ್ಟರಲ್ಲಿ ಕೂಸು ಇರಲಿಲ್ಲ. ಈ ಮಾತನ್ನು ಮುದುಕಿ ನಲವತ್ತು ವರ್ಷ ಯಾರ ಮುಂದೆಯೂ ಆಡಿರಲಿಲ್ಲ. ಅಲ್ಲಿ ಅಷ್ಟು ಜನ ಕೇಳುತ್ತಾರಂತೆ ಎಂಬ ಸುದ್ದಿ ನಂಬಿ ಬಂದಿದ್ದಳು.

ಗುರುಪಾದನ ಕಣ್ಣು ಕೈಯಲ್ಲಿದ್ದ ಮೊಬೈಲಿನ ಮೇಲೆ ಹೋಗಿ ಬಂತು. ಹೂಂ ಎಂದ.

ಹೇಳುತ್ತ ಹೇಳುತ್ತ ಮುದುಕಿ ಕೂಸು ನೀರಿನಲ್ಲಿ ಹೋಯಿತು ಎಂಬಲ್ಲಿಗೆ ಬಂದಳು. ಮಾತು ನಿಂತಿತು. ಆಚೆಯಿಂದ ಮುದುಕನ ದನಿ ಹೂಂ ಎಂದಿತು. ಹೆಂಗಸಿನ ದನಿ ಹೂಂ ಎಂದಿತು. ಗೌಡನ ದನಿಯೂ ಹೂಂ ಎಂದಿತು. ಅವಳು ಎದ್ದು ಪರದೆ ಸರಿಸಿದಳು. ಒಬ್ಬನೇ ದರ್ಜಿ ತಲೆ ಬಗ್ಗಿಸಿಕೊಂಡು ಅಂಗಿಗೆ ಗುಂಡಿ ಹಚ್ಚುತ್ತಿದ್ದ.

“ನನ್ನ ಕೂಸು ನೀರಾಗ ಹೋತು ಅಂದಾಗ ಹೂಂ ಅಂದವರು ಯಾರಪಾ?”

ದರ್ಜಿಯ ಕೈಯಿಂದ ಅಂಗಿ ಜಾರಿತು. “ತಪ್ಪಾತು ಯವ್ವಾ. ಇನ್ನೊಮ್ಮೆ ಹೇಳು. ಈಗ ಖರೇನ ಕೇಳತೀನಿ.”

“ಒಮ್ಮೆ ಹೇಳಾಕ ನಲವತ್ತು ವರ್ಷ ಹಿಡೀತು,” ಎಂದಳು ಮುದುಕಿ. “ಇನ್ನೊಮ್ಮೆ ಹೇಳಾಕ ನನಗ ಆಯುಷ್ಯ ಇಲ್ಲ.”

ಅವಳು ಹೋದಳು. ಪರದೆ ಸರಿದೇ ಇತ್ತು. ಸರದಿಯವರು ಒಬ್ಬೊಬ್ಬರಾಗಿ ಬಗ್ಗಿ ನೋಡಿ ಮನೆಯ ದಾರಿ ಹಿಡಿದರು. ಎಲ್ಲರೂ ಒಂದೇ ದಾರಿಯಲ್ಲಿ ನಡೆದರು. ಎಲ್ಲರ ಬಾಯಲ್ಲೂ ಹೇಳದೆ ಉಳಿದ ಕತೆಯಿತ್ತು. ನಿನ್ನದೇನು ಕತೆ ಎಂದು ಯಾರೂ ಯಾರನ್ನೂ ಕೇಳಲಿಲ್ಲ. ದರ್ಜಿ ಬರಿದಾದ ಪಡಸಾಲೆಯಲ್ಲಿ ಕುಳಿತು ಮುದುಕಿ ಹೇಳಿದ್ದನ್ನು ನೆನೆಯಲು ನೋಡಿದ. ಒಂದು ಮಾತೂ ನೆನಪಿಗೆ ಬರಲಿಲ್ಲ. ನಾಚಿಕೆ ನುಂಗಿಕೊಂಡು ಅವಳ ಮನೆ ಹುಡುಕಿ ಹೋಗುವ ಹೊತ್ತಿಗೆ ಅವಳೂ ತೀರಿಕೊಂಡಿದ್ದಳು. ಅವನು ಪರದೆ ಹರಿದು ಚೀಲ ಹೊಲಿದ. ಮತ್ತೆಂದೂ ಕತೆ ಹೇಳಲಿಲ್ಲ, ಕೇಳಲಿಲ್ಲ.

ಇಷ್ಟು ಹೇಳಿ ಅಜ್ಜನವರು ನಿಲ್ಲಿಸಿದರು.

“ಹೂಂ,” ಎಂದ ಗುರುಪಾದ. ಅವನ ಮುಖ ಅರಳಿತ್ತು. “ತಿಳೀತ್ರಿ ಅಜ್ಜಾರ. ತಪ್ಪೆಲ್ಲಾ ಪರದೇದು. ಈ ಸಲ ಪರದೆ ಇಲ್ಲದಂಗ ಕಟ್ಟತೀನಿ, ಸುಳ್ಳು ಹೆಸರು ಒಂದೂ ಇರೂದಿಲ್ಲ. ಆಶೀರ್ವಾದ ಮಾಡ್ರಿ.”

ಅಜ್ಜನವರು ಅವನ ತಲೆಯ ಮೇಲೆ ಇಡಲು ಎತ್ತಿದ ಕೈಯನ್ನು ನಡುವೆಯೇ ತಡೆದು, “ಮಾಡೂಣಂತ,” ಎಂದರು. “ಆ ಮುದುಕಿ ಮಗಳ ಹೆಸರೇನು, ಹೇಳು.”

ಗುರುಪಾದ ಬಾಯಿ ತೆರೆದ. ಹೂಂ ಕೂಡ ಹೊರಡಲಿಲ್ಲ.