ಬಾಲ ಹಿಡಿಯುವ ಕೆಲಸ

ಮಾಚವ್ವನ ಮಿದುಳಿನ ಒಂದು ಜೀವಕೋಶದಲ್ಲಿ ಎರಡು ಆರ್‌ಎನ್‌ಎ ಎಳೆಗಳಿದ್ದವು. ಆರ್‌ಎನ್‌ಎ ಎಂದರೆ ಕೋಶದೊಳಗೆ ಅಪ್ಪಣೆ ಸಾಗಿಸುವ, ಕೆಲವೊಮ್ಮೆ ಅಪ್ಪಣೆ ತಡೆಯುವ ಎಳೆ. ಉದ್ದನೆಯದು ಭಯ ಹುಟ್ಟಿಸುವ ಪ್ರೋಟೀನು ತಯಾರಿಸಲು ಅಪ್ಪಣೆ ಕೂಗುತ್ತಿತ್ತು. ಗಿಡ್ಡದು ಯಾವ ಪ್ರೋಟೀನನ್ನೂ ಮಾಡಿಸುತ್ತಿರಲಿಲ್ಲ. ಭಯ ಸಾಕೆನಿಸಿದಾಗ ಉದ್ದನೆಯದರ ಬಾಲ ಹಿಡಿದು ಅದನ್ನು ಸುಮ್ಮನಾಗಿಸುತ್ತಿತ್ತು, ಅಷ್ಟೆ.

ಒಂದು ದಿನ ಬೀದಿಯಲ್ಲಿ ಗೂಳಿಯೊಂದು ಮಾಚವ್ವನನ್ನು ಅಟ್ಟಿಸಿಕೊಂಡು ಬಂತು. ಉದ್ದನೆಯದು ಕೂಗಿತು, ಮಾಚವ್ವ ಓಡಿ ಬದುಕಿದಳು. ಆಮೇಲೆ ಗಿಡ್ಡದು ಎಂದಿನಂತೆ ಬಾಲಕ್ಕೆ ಕೈಹಾಕಿತು.

“ಬಿಡೋ, ದಂಡಪಿಂಡ! ಅವಳನ್ನು ಉಳಿಸಿದವನು ನಾನು. ನಿನ್ನಿಂದ ಈವರೆಗೆ ಏನು ಹುಟ್ಟಿದೆ, ಹೇಳು?” ಎಂದು ಉದ್ದನೆಯದು ಗದರಿತು.

“ಏನೂ ಇಲ್ಲಣ್ಣ,” ಎಂದು ಗಿಡ್ಡದು ದೂರ ಸರಿಯಿತು.

ಗೂಳಿ ಹೋಗಿ ವಾರಗಳಾದರೂ ಕೂಗು ನಿಲ್ಲಲಿಲ್ಲ. ಮಾಚವ್ವ ಕರುವನ್ನು ಕಂಡರೂ ಬೆವರಿದಳು, ಕೊನೆಗೆ ಹೊಸ್ತಿಲು ದಾಟುವುದನ್ನೇ ಬಿಟ್ಟಳು.

“ಗೂಳಿ ಎಲ್ಲಿದೆಯವ್ವಾ?” ಎಂದು ಮಗಳು ಅತ್ತಳು.

ಉದ್ದನೆಯದು ಅದನ್ನು ಕೇಳಿಸಿಕೊಂಡಿತು. ಗೂಳಿ ಎಲ್ಲಿಯೂ ಇರಲಿಲ್ಲ. ಇದ್ದದ್ದು ತನ್ನ ಕೂಗು ಮಾತ್ರ. ಆದರೆ ತಾನಾಗಿ ನಿಲ್ಲಿಸುವುದು ಅದಕ್ಕೆ ಗೊತ್ತಿರಲಿಲ್ಲ.

“ಬಾರೋ ತಮ್ಮಾ,” ಎಂದು ಅದು ತನ್ನ ಬಾಲವನ್ನು ತಾನೇ ಚಾಚಿತು.

“ದಂಡಪಿಂಡಕ್ಕೂ ಕೆಲಸ ಸಿಕ್ಕಿತೇನಣ್ಣ?” ಎನ್ನುತ್ತಾ ಗಿಡ್ಡದು ಗಟ್ಟಿಯಾಗಿ ಹಿಡಿಯಿತು.

ಕೆಲವು ದಿನಗಳಲ್ಲಿ ಮಾಚವ್ವ ಬೀದಿಗಿಳಿದು ಕರುವಿಗೆ ಬಾಳೆಹಣ್ಣಿನ ಸಿಪ್ಪೆ ತಿನ್ನಿಸಿದಳು.