ಮೂರು ಸಲ ಕೂಗಿದ ಕಾರು

ಮಲಪ್ರಭೆಯ ದಂಡೆಯ ಮೇಲೆ ಒಂದು ಸಣ್ಣ ಮಠ. ಅಲ್ಲಿ ಹುಚ್ಚಯ್ಯ ಅಪ್ಪನವರು ಎಂಬ ಗುರುಗಳಿದ್ದರು. ಹೆಸರಷ್ಟೇ ಹುಚ್ಚಯ್ಯ. ಅವರಷ್ಟು ನೆಟ್ಟಗೆ ನೋಡುವವರು ಸುತ್ತ ಹತ್ತು ಹಳ್ಳಿಯಲ್ಲಿ ಸಿಗುತ್ತಿರಲಿಲ್ಲ.

ಅವರ ಶಿಷ್ಯ ಅಡಿವೆಪ್ಪ. ಮಠಕ್ಕೆ ಬರುವ ಮುಂಚೆ ಹನ್ನೆರಡು ವರ್ಷ ಗಾಡಿಗಳ ವಯರಿಂಗ್ ಕೆಲಸ ಮಾಡಿದವನು. ಕೈ ಬಲು ಚುರುಕು. ಮನಸ್ಸು ಮಾತ್ರ ಒಂದು ಕಡೆ ನಿಲ್ಲುತ್ತಿರಲಿಲ್ಲ, ಪಾಪ.

ದೀಕ್ಷೆ ಬೇಕೆಂದು ಅವನು ಕೇಳಿದಾಗ ಅಪ್ಪನವರು ಹೇಳಿದ್ದು ಇಷ್ಟೇ.

"ಇಪ್ಪತ್ತೊಂದು ದಿನ ಧ್ಯಾನಕ್ಕ ಕೂಡ್ರು. ಮಧ್ಯಾಹ್ನ ಹನ್ನೆರಡರಿಂದ ಮೂರರ ತನಕ. ನಡುವ ಏಳಬ್ಯಾಡ. ಎದ್ರ ಮತ್ತ ಒಂದರಿಂದ."

ಮೊದಲ ಸಲ ಕೂತಾಗ ನಾಲ್ಕನೇ ದಿನ ಗೋಡೆಗೆ ಒರಗಿ ಗೊರಕೆ ಹೊಡೆದ. ಲೆಕ್ಕ ಅಲ್ಲಿಗೇ ಮುಗಿಯಿತು.

ಎರಡನೇ ಸಲ ಹನ್ನೊಂದು ದಿನ ಜಗ್ಗಲಿಲ್ಲ. ಹನ್ನೆರಡನೇ ದಿನ ಹೊರಗೆ ಮಠದ ಕಾರಿನ ಬಾನೆಟ್ ಎತ್ತಿದ ಸದ್ದಾಯಿತು. ಎದ್ದು ಓಡಿದ. ಅಷ್ಟರಲ್ಲಿ ಬ್ಯಾಟರಿ ಹೊತ್ತುಕೊಂಡವನು ಹೊಳೆ ದಾಟಿಯಾಗಿತ್ತು. ಬ್ಯಾಟರಿಯೂ ಹೋಯಿತು, ಹನ್ನೊಂದು ದಿನವೂ ಹೋಯಿತು.

ಅದು ಭಕ್ತರೊಬ್ಬರು ಮಠಕ್ಕೆ ಬಿಟ್ಟುಕೊಟ್ಟಿದ್ದ ಹಳೇ ಬಿಳಿ ಕಾರು. ಸುತ್ತಲ ಹಳ್ಳಿಯಲ್ಲಿ ಯಾರಿಗೆ ಜಡ್ಡಾದರೂ ಅಡಿವೆಪ್ಪ ಅದರಲ್ಲೇ ಪಟ್ಟಣದ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದ. ಅದಕ್ಕೆ ಬೀಗ ಹಾಕುವ ರೂಢಿಯೇ ಮಠದಲ್ಲಿ ಇರಲಿಲ್ಲ.

"ಅಪ್ಪಾರ, ಕಾರಿಗೆ ಅಲಾರಂ ಹಾಕ್ತೀನ್ರಿ" ಎಂದ ಅಡಿವೆಪ್ಪ.

"ಯಾಕಪಾ?"

"ಕಾರನ್ನ ಅದು ಕಾಯ್ತೈತ್ರಿ. ನಾ ನಿಶ್ಚಿಂತಿಯಿಂದ ಕೂಡ್ರಬಹುದು."

ಅಡುಗೆಮನೆಯಿಂದ ಕಾಶವ್ವ ನಕ್ಕಳು. "ಊರು ಕೊಳ್ಳೆ ಹೋದ ಮ್ಯಾಲೆ ಕೋಟಿ ಬಾಗಲಾ ಹಾಕಿದ್ರಂತ!"

ಕಾಶವ್ವ ಮೂವತ್ತು ವರ್ಷದಿಂದ ಮಠದಲ್ಲಿ ರೊಟ್ಟಿ ಬಡಿದವಳು. ಎಪ್ಪತ್ತು ದಾಟಿತ್ತು, ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಅಡಿವೆಪ್ಪ ಮಠದ ಮೆಟ್ಟಿಲು ಹತ್ತಿದ ಮೊದಲ ದಿನ "ಉಂಡಿಯೇನೋ ತಮ್ಮಾ?" ಎಂದು ಕೇಳಿದವಳು ಅವಳೇ. ತಾಯಿ ಇಲ್ಲದ ಅವನಿಗೆ ಆ ಮಾತು ಸಾಕಾಗಿತ್ತು.

ಅಲಾರಮನ್ನು ಪಟ್ಟಣದಲ್ಲೇ ಹಾಕಿಸಬಹುದಿತ್ತು. ಆದರೆ ಬೇರೆಯವರ ಕೈ ತಾಗಿದ ವಯರನ್ನು ಅಡಿವೆಪ್ಪ ನಂಬುವ ಪೈಕಿ ಅಲ್ಲ. ಅಲಾರಮಿನ ಡಬ್ಬಿ ತಂದು, ಬೇವಿನ ಮರದ ಕೆಳಗೆ ಕಾರಿನ ಹೊಟ್ಟೆ ಬಿಚ್ಚಿಕೊಂಡು ಎರಡು ದಿನ ಕೂತ.

ಕೆಂಪು ವಯರನ್ನು ಫ್ಯೂಸ್ ಹಾಕಿ ಹೊಸ ಬ್ಯಾಟರಿಗೆ ಕೊಟ್ಟ. ಕಪ್ಪು ವಯರಿಗೆ ಬಾಡಿಯ ಬಣ್ಣ ಕೆರೆದು, ತಗಡು ಹೊಳೆಯುವಂತೆ ಮಾಡಿ ಬಿಗಿದ. ಗುಂಡಿ ಒತ್ತಿದರೆ ತಾವೇ ಲಾಕಾಗಲೆಂದು ನಾಲ್ಕು ಬಾಗಿಲಿಗೂ ಪುಟ್ಟ ಮೋಟಾರು ಕೂಡಿಸಿದ. ಕಾರನ್ನು ಯಾರು ತಟ್ಟಿದರೂ ತಿಳಿಯಲೆಂದು ಡ್ಯಾಶ್‌ಬೋರ್ಡಿನ ಕೆಳಗೆ ಸೆನ್ಸರ್ ಇಟ್ಟ. ಬಾನೆಟ್ಟಿನ ಒಳಗೆ ಸೈರನ್, ನೀರು ನಿಲ್ಲದ ಹಾಗೆ ಬಾಯಿ ಕೆಳಗೆ ಮಾಡಿ.

ಅಪ್ಪನವರು ಹತ್ತಿರದ ಕಲ್ಲಿನ ಮೇಲೆ ಕೂತು ನೋಡುತ್ತಿದ್ದರು.

ಕೊನೆಗೆ ಅಡಿವೆಪ್ಪ ಕಿಟಕಿಯ ಅಂಚಿನಲ್ಲಿ ಮೇಲೆದ್ದಿದ್ದ ಲಾಕಿನ ಗುಬುಟುಗಳನ್ನು ಒಂದೊಂದಾಗಿ ತಿರುವಿ ತೆಗೆದ.

"ಅದನ್ಯಾಕ ತಗೀತಿ?"

"ಕಳ್ಳರು ಗಾಜಿನ ಸಂದಿಯೊಳಗ ತಂತಿ ಇಳಿಬಿಟ್ಟು ಇದನ್ನ ಮ್ಯಾಲೆ ಎತ್ತತಾರ್ರಿ. ಇದ ಇಲ್ಲಂದ್ರ ಏನ್ ಎತ್ತತಾರ?"

"ಒಳಗಿದ್ದವರು ಹೊರಗ ಬರೂದು ಹೆಂಗ?"

"ಲಾಕ್ ಮಾಡಿದ ಮ್ಯಾಲೆ ಒಳಗ ಯಾರಿರ್ತಾರ್ರಿ ಅಪ್ಪಾರ!"

ಅಪ್ಪನವರು ಕಳಚಿದ ಗುಬುಟೊಂದನ್ನು ಎತ್ತಿ ನೋಡಿ ಕೆಳಗಿಟ್ಟರು.

ಅಡಿವೆಪ್ಪ ರಿಮೋಟಿನ ಗುಂಡಿ ಒತ್ತಿ, ಕಾರಿಗೆ ಅಂಗೈಯಿಂದ ಒಂದು ಏಟು ಕೊಟ್ಟ. ಸೈರನ್ ಹೊಳೆಯ ಆಚೆ ದಡದವರೆಗೆ ಕೂಗಿತು. ಬೇವಿನ ಮರದ ಹಕ್ಕಿಗಳೆಲ್ಲ ಎದ್ದು ಹೋದವು. ಒಳಗೆ ಕಾಶವ್ವನ ಕೈಯಿಂದ ಸೌಟು ಬಿತ್ತು.

"ಬೆಂಕಿ ಹಚ್ಚು ಇದಕ್ಕ!" ಎಂದಳು.

ಅಡಿವೆಪ್ಪನಿಗೆ ಹಿಡಿಸಲಾರದಷ್ಟು ಖುಷಿಯಾಯಿತು.

ಮರುದಿನವೇ ಮೂರನೇ ಸಲ ಧ್ಯಾನಕ್ಕೆ ಕೂತ. ರಿಮೋಟು ಶಾಲಿನ ಮಡಿಕೆಯಲ್ಲಿ, ತೊಡೆಯ ಮೇಲೆ.

ಎರಡನೇ ದಿನ ಅಲಾರಂ ಕೂಗಿತು. ಕಾಗೆ. ಐದನೇ ದಿನ ಕೂಗಿತು. ಆಡು. ಏಳನೇ ದಿನ ಏಕೆ ಕೂಗಿತೋ ದೇವರಿಗೇ ಗೊತ್ತು. ಅಡಿವೆಪ್ಪ ಕಣ್ಣು ತೆರೆಯದೆ ಹೆಬ್ಬೆರಳು ಒತ್ತುತ್ತಿದ್ದ, ಸದ್ದು ನಿಲ್ಲುತ್ತಿತ್ತು. ಬರಬರುತ್ತ ಉಸಿರಿನ ಲಯ ಕೂಡ ತಪ್ಪದ ಹಾಗೆ ಒತ್ತುವುದನ್ನು ಕಲಿತ. ಇದೂ ಒಂದು ಸಿದ್ಧಿಯೇ ಎಂದುಕೊಂಡ, ಪೆದ್ದ.

ಅಪ್ಪನವರು ಮಾತ್ರ ಅದು ಕೂಗಿದಾಗಲೆಲ್ಲ ಕೋಲು ಹಿಡಿದು ಎದ್ದು, ಕಾರಿನ ತನಕ ನಡೆದು, ಸುತ್ತ ನೋಡಿ ಬರುತ್ತಿದ್ದರು.

"ಸುಮ್ಮನ ಯಾಕ ತ್ರಾಸ ತಗೋತೀರ್ರಿ ಅಪ್ಪಾರ? ಕಾಗಿ ಇರ್ತೈತಿ."

"ಹೌದು, ಕಾಗೀನ ಇತ್ತು."

"ನಾ ಕುಂತಲ್ಲೆ ಹೇಳ್ತಿದ್ನಲ್ರಿ."

"ನೀ ಹೇಳ್ತಿದ್ದಿ. ನಾ ನೋಡಿ ಬಂದೆ."

ಅಡಿವೆಪ್ಪ ನಕ್ಕ. ವಯಸ್ಸಾದವರ ಹಟ ಎಂದುಕೊಂಡ.

ಇಪ್ಪತ್ತನೇ ದಿನ ಬಂತು. ಅಂದು ಸಂಜೆ ಕಾಶವ್ವನನ್ನು ಕಣ್ಣಿನ ಆಪರೇಷನ್ನಿಗೆ ಆಸ್ಪತ್ರೆಗೆ ಸೇರಿಸಬೇಕಿತ್ತು.

"ಮೂರಕ್ಕ ನನ್ನ ಧ್ಯಾನ ಮುಗೀತೈತಿ ಎವ್ವಾ, ಮುಗದ ಕೂಡ್ಲೆ ಹೋಗೂಣು. ನೀ ತಯಾರಾಗಿರು" ಎಂದು ಹೇಳಿ ಅಡಿವೆಪ್ಪ ಕೂತ.

ಊರ ಮಂದಿಯನ್ನೆಲ್ಲ ಹೊತ್ತೊಯ್ದ ಆ ಕಾರಿನಲ್ಲಿ ಕಾಶವ್ವ ಒಂದು ಸಲವೂ ಕೂತಿರಲಿಲ್ಲ. ಎರಡು ಗಂಟೆಗೇ ಇಳಕಲ್ ಸೀರೆ ಉಟ್ಟು ಗಂಟು ಹಿಡಿದಳು. ತನ್ನಿಂದ ಅವನಿಗೆ ತಡವಾಗಬಾರದು ಎಂದು ಗೋಡೆ ತಡವುತ್ತ ಅಂಗಳಕ್ಕೆ ಬಂದು, ಹಿಂದಿನ ಸೀಟಿನಲ್ಲಿ ಕೂತು, ಬಾಗಿಲು ಎಳೆದುಕೊಂಡಳು.

ಆ ಸದ್ದು ಅಡಿವೆಪ್ಪನಿಗೆ ಕೇಳಿಸಿತು. ಬೆಳಿಗ್ಗೆ ಕಾರು ತೊಳೆದವನು ಲಾಕ್ ಮಾಡುವುದನ್ನು ಮರೆತೆನಲ್ಲ, ಗಾಳಿಗೆ ಬಾಗಿಲು ಬಡಿದಿರಬೇಕು ಎಂದುಕೊಂಡ. ಹೆಬ್ಬೆರಳು ಒತ್ತಿತು. ನಾಲ್ಕು ಬಾಗಿಲೂ ಟಕ್ಕನೆ ಬಿದ್ದವು.

ಚೈತ್ರದ ಬಿಸಿಲು. ಬೇವಿನ ನೆರಳು ಕಾರನ್ನು ಬಿಟ್ಟು ಎಷ್ಟೋ ಹೊತ್ತಾಗಿತ್ತು. ಹಿಂದಿನ ಗಾಜು ಇಳಿಸುವ ಹಿಡಿಕೆ ಮುರಿದು ವರ್ಷವಾಗಿತ್ತು.

ಸ್ವಲ್ಪ ಹೊತ್ತಿಗೆ ಸೈರನ್ ಕೂಗಿತು. ಅಡಿವೆಪ್ಪ ಒತ್ತಿದ. ನಿಂತಿತು.

ಮತ್ತೆ ಕೂಗಿತು. ಮತ್ತೆ ಒತ್ತಿದ.

ಮೂರನೇ ಸಲ ಕೂಗಿದಾಗ ಅವನಿಗೆ ಸಿಟ್ಟೇ ಬಂತು. ಇದೊಂದು, ನಾಳೆ ಒಂದು, ಇಪ್ಪತ್ತೊಂದಾಯಿತು. ಇವತ್ತು ಯಾವ ಕಾಗೆಯೂ ನನ್ನನ್ನು ಎಬ್ಬಿಸಲಾರದು! ಇನ್ನು ಎಷ್ಟು ತಟ್ಟಿದರೂ ಸದ್ದೇ ಬಾರದಂತೆ ಮಾಡುವ ಗುಂಡಿ ಒಂದಿತ್ತು. ಅದನ್ನು ಒತ್ತಿ ಹಿಡಿದ.

ಆಮೇಲೆ ಎಲ್ಲ ಶಾಂತವಾಯಿತು. ಮನಸ್ಸು ಅಷ್ಟು ನಿಶ್ಚಲವಾಗಿ ನಿಂತದ್ದು ಅವನ ಜನ್ಮದಲ್ಲಿ ಅದೇ ಮೊದಲು.

ಎಷ್ಟು ಹೊತ್ತು ಹಾಗೆ ಕೂತಿದ್ದನೋ, ಗಾಜು ಒಡೆದ ಸದ್ದಾಯಿತು.

"ಯಾವನಲೇ ಅಂವ!" ಎಂದು ಅಡಿವೆಪ್ಪ ನೆಗೆದೆದ್ದು ಹೊರಗೆ ಓಡಿದ. ಬಾಗಿಲ ಬಳಿಯ ಸೌದೆ ಒಂದನ್ನು ಎತ್ತಿಕೊಳ್ಳುವುದನ್ನು ಮರೆಯಲಿಲ್ಲ.

ಕಾರಿನ ಹತ್ತಿರ ಅಪ್ಪನವರು ನಿಂತಿದ್ದರು. ಮೈಮೇಲೆ ಒದ್ದೆ ಪಂಚೆ, ಒಂದು ಕೈಯಲ್ಲಿ ಕಲ್ಲು. ಇನ್ನೊಂದು ಕೈ ಒಡೆದ ಕಿಟಕಿಯೊಳಗೆ ಏನನ್ನೋ ಹುಡುಕುತ್ತಿತ್ತು. ಆ ಕೈಯಿಂದ ರಕ್ತ ಸೋರುತ್ತಿತ್ತು. ಅವರು ಹುಡುಕುತ್ತಿದ್ದುದು ಲಾಕಿನ ಗುಬುಟನ್ನು.

ಸೀಟಿನ ಮೇಲೆ ಕಾಶವ್ವ ಒರಗಿದ್ದಳು. ಬಾಯಿ ತೆರೆದಿತ್ತು.

"ಬಾಗಲಾ ತಗಿ" ಎಂದರು ಅಪ್ಪನವರು.

ರಿಮೋಟು ಮಠದ ಒಳಗೇ ಬಿದ್ದಿತ್ತು. ಅಡಿವೆಪ್ಪ ಓಡಿದ. ಹೋಗಿ ತಂದು ಒತ್ತಿದ. ಆ ಇಪ್ಪತ್ತು ಹೆಜ್ಜೆ ಅವನಿಗೆ ಮುಗಿಯಲೇ ಇಲ್ಲ.

ಹೊಳೆಯಲ್ಲಿ ಸ್ನಾನಕ್ಕಿಳಿದಿದ್ದ ಅಪ್ಪನವರಿಗೆ ಮೂರು ಸಲ ಕೂಗಿದ್ದು ಕೇಳಿಸಿತ್ತು. ಎಪ್ಪತ್ತೆಂಟರ ಕಾಲು, ದಂಡೆ ಹತ್ತಿ ಬರಲು ಹೊತ್ತು ಹಿಡಿದಿತ್ತು.

ಅಡಿವೆಪ್ಪ ಕಾರು ಓಡಿಸಿದ. ಕಾಶವ್ವನ ತಲೆ ಅಪ್ಪನವರ ತೊಡೆಯ ಮೇಲಿತ್ತು. ದಾರಿಯುದ್ದಕ್ಕೂ ಅವರು ಒದ್ದೆ ಪಂಚೆಯ ಸೆರಗಿನಿಂದ ಅವಳ ಹಣೆ, ಕುತ್ತಿಗೆ ಒರೆಸುತ್ತಿದ್ದರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು ಎನಿಸಿತು ಅಡಿವೆಪ್ಪನಿಗೆ.

"ಇನ್ನ ಕಾಲು ತಾಸು ತಡಾ ಆಗಿದ್ರ ನಮ್ಮ ಕೈಯಾಗ ಏನೂ ಇರ್ತಿರಲಿಲ್ಲ" ಎಂದರು ಡಾಕ್ಟರು.

ಮೂರು ದಿನ ಅಡಿವೆಪ್ಪ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತ. ಯಾರೋ ಕೊಟ್ಟ ಚಹಾ ಬಿಟ್ಟರೆ ಹೊಟ್ಟೆಗೆ ಏನೂ ಹಾಕಲಿಲ್ಲ.

ನಾಲ್ಕನೇ ದಿನ ಕಾಶವ್ವನಿಗೆ ಎಚ್ಚರವಾಯಿತು. ಅವನ ಹೆಜ್ಜೆಯ ಸದ್ದಿನಿಂದಲೇ ಗುರುತು ಹಿಡಿದಳು. ಕೂಗಿ ಕೂಗಿ ದನಿ ಒಡೆದು ಹೋಗಿತ್ತು.

"ತಮ್ಮಾ, ಬಂದಿಯಾ?"

"ಬಂದೀನಿ ಎವ್ವಾ."

"ನಿನ್ನ ಹೆಸರ ಹಿಡದ ಕರದ್ನೆಪಾ. ಅಡಿವೆಪ್ಪಾ, ಅಡಿವೆಪ್ಪಾ ಅಂತ. ನೀ ಎಲ್ಲೆರ ದೂರ ಹೋಗಿದ್ದಿ ಕಾಣ್ತೈತಿ."

ಅಡಿವೆಪ್ಪ ಅವಳ ಕೈಯನ್ನು ಮುಖಕ್ಕೆ ಒತ್ತಿಕೊಂಡು ಅತ್ತ. ದೂರ ಹೋಗಿರಲಿಲ್ಲ ಎಂದು ಹೇಳುವ ಧೈರ್ಯ ಅವನಿಗೆ ಬರಲಿಲ್ಲ.

ಅವತ್ತೇ ಮಠಕ್ಕೆ ಬಂದವನು ಕಾರಿನ ಅಲಾರಮನ್ನು ಕಿತ್ತ. ಬಿಚ್ಚುವ ತಾಳ್ಮೆ ಇರಲಿಲ್ಲ, ಕಿತ್ತೇ ಹಾಕಿದ. ಸೈರನ್, ಸೆನ್ಸರ್, ವಯರಿನ ಗೊಂಚಲು, ಎಲ್ಲ ತಂದು ಅಪ್ಪನವರ ಮುಂದೆ ಸುರಿದ. ಅವರ ಕೈಗೆ ಇನ್ನೂ ಪಟ್ಟಿ ಇತ್ತು.

"ಏನಿದು?"

"ಕಿತ್ತ ಹಾಕೀನ್ರಿ."

"ಯಾಕ? ಅದು ಕೂಗಲಿಲ್ಲೇನು?"

"ಕೂಗಿತ್ರಿ. ಮೂರು ಸಲ ಕೂಗಿತ್ರಿ."

"ಹಂಗಾದ್ರ ಅದನ್ಯಾಕ ಕಿತ್ತಿ?"

ಅಡಿವೆಪ್ಪನ ಒಳಗೆ ಕುದಿಯುತ್ತಿದ್ದದ್ದು ಹೊರಗೆ ಬಂತು.

"ಏಳಬ್ಯಾಡ ಅಂತ ನೀವ ಹೇಳಿದ್ರಲ್ರಿ ಅಪ್ಪಾರ!"

ಅಪ್ಪನವರು ತಲೆ ಆಡಿಸಿದರು.

"ಹೇಳಿದ್ದೆ. ಅದು ನನ್ನ ಪಾಲಿನ ತಪ್ಪು. ಅದನ್ನ ನಾ ಹೊತ್ತೀನಿ."

ಅಡಿವೆಪ್ಪ ವಯರಿನ ರಾಶಿಯ ಪಕ್ಕ ನೆಲದ ಮೇಲೆ ಕೂತ.

"ಎಲ್ಲಾ ಮತ್ತ ಜೋಡಸು" ಎಂದರು ಅಪ್ಪನವರು. "ಗುಬುಟು ಮೊದಲ ಹಾಕು."

ಮೊದಲು ಎರಡು ದಿನದಲ್ಲಿ ಮುಗಿದ ಕೆಲಸಕ್ಕೆ ಈ ಸಲ ಐದು ದಿನ ಬೇಕಾಯಿತು. ಒಂದೊಂದು ವಯರನ್ನೂ ಕೂಡಿಸಿ, ಎಳೆದು ನೋಡಿ, ಮತ್ತೆ ಬಿಗಿದ. ಗುಬುಟು ಹಾಕಿದ, ಗಾಜಿನ ಹಿಡಿಕೆ ಹೊಸದು ತಂದ. ತಾನೇ ಹಿಂದಿನ ಸೀಟಿನಲ್ಲಿ ಕೂತು, ಬಾಗಿಲು ಹಾಕಿಕೊಂಡು, ಒಳಗಿಂದ ತೆರೆದು ತೆರೆದು ನೋಡಿದ.

ಕಾಶವ್ವ ಮಠಕ್ಕೆ ಮರಳಿದ ದಿನ ರಿಮೋಟನ್ನು ಅವಳ ಕೈಗೆ ಕೊಟ್ಟ.

"ನನಗ್ಯಾಕೋ ಇದು, ಕುರುಡಿಗೆ?"

"ನಿನ್ನ ಹಂತೇಕ ಇರ್ಲಿ ಎವ್ವಾ."

ಅವಳು ಅದನ್ನು ಸೆರಗಿನ ತುದಿಗೆ ಕಟ್ಟಿಕೊಂಡಳು. ಲಾಕ್ ಮಾಡುವ ಮೊದಲು ಕಾರಿನ ಒಳಗೆ ಬಗ್ಗಿ ಎಲ್ಲ ಸೀಟುಗಳನ್ನೂ ಕೈಯಿಂದ ತಡವುವಳು. ತಿಂಗಳು ಕಳೆದು ಆಪರೇಷನ್ ಆಗಿ ಕಣ್ಣು ಬಂದ ಮೇಲೂ ತಡವುವುದನ್ನು ಬಿಡಲಿಲ್ಲ.

ಅಡಿವೆಪ್ಪ ಮತ್ತೆ ಧ್ಯಾನಕ್ಕೆ ಕೂರಲಿಲ್ಲ. ಕಟ್ಟಿಗೆ ಒಡೆದ, ನೀರು ಹೊತ್ತ, ದೀಕ್ಷೆಯ ಮಾತು ಎತ್ತಲಿಲ್ಲ.

ಒಂದು ಬೆಳಿಗ್ಗೆ ಅಪ್ಪನವರೇ ಕರೆದರು.

"ಇವತ್ತಿಂದ ಕೂಡ್ರು."

"ನಾ ಅದಕ್ಕ ತಕ್ಕಾಂವ ಅಲ್ರಿ."

"ತಕ್ಕಾಂವ ಅಂತ ನಾ ಎಲ್ಲಿ ಅಂದೆ? ಕೂಡ್ರು ಅಂದೆ."

ಅಡಿವೆಪ್ಪ ಕೂತ. ಮನಸ್ಸು ನಿಲ್ಲಲಿಲ್ಲ. ಅಡುಗೆಮನೆಯ ಪಾತ್ರೆ ಸದ್ದು, ಹೊಳೆಯಲ್ಲಿ ಬಟ್ಟೆ ಒಗೆಯುವವರ ಮಾತು, ಎಲ್ಲ ಕಿವಿಗೆ ಬೀಳುತ್ತಿತ್ತು.

ಎರಡು ಗಂಟೆಯ ಸುಮಾರಿಗೆ ಸೈರನ್ ಕೂಗಿತು.

ಅವನು ಎದ್ದ. ಕಾಲು ಜೋಮು ಹಿಡಿದಿತ್ತು, ಎಡವಿ ಮೊಣಕಾಲು ತರಚಿತು. ಹಾಗೇ ಓಡಿದ.

ತಿರುಗಿ ಬರುವಾಗ ಅಪ್ಪನವರು ಬಾಗಿಲ ಹತ್ತಿರ ಕೂತಿದ್ದರು. ಈ ಸಲ ಅವರು ಎದ್ದಿರಲಿಲ್ಲ.

"ಯಾರಿದ್ರು?"

"ಯಾರೂ ಇರಲಿಲ್ರಿ. ಆಡಿನ ಮರಿ ಒಂದು ಬಾನೆಟ್ ಮ್ಯಾಲೆ ಹತ್ತಿತ್ತು. ಒಳಗೂ ನೋಡಿದ್ನಿ, ಕೆಳಗೂ ನೋಡಿದ್ನಿ."

ಅಪ್ಪನವರು ಅವನ ಮೊಣಕಾಲನ್ನು ನೋಡಿದರು.

ಅಡಿವೆಪ್ಪ ತಲೆ ತಗ್ಗಿಸಿದ. "ಮೊದಲನೇ ದಿನಾನ ಎದ್ದ ಬಿಟ್ಟೆ. ನಾಳಿಂದ ಮತ್ತ ಒಂದರಿಂದ ಎಣಸ್ತೀನ್ರಿ ಅಪ್ಪಾರ."

"ಇಲ್ಲಪಾ" ಎಂದರು ಅಪ್ಪನವರು. "ನಾಳೆ ಎರಡನೇ ದಿನ."