ಬಾಯಿಲ್ಲದ ಹಂಡೆ

"ಬಚ್ಚಲುಮನೆಯ ಗೀಸರಿಗೆ ವರ್ಷ ವರ್ಷವೂ ಹೂ ಮುಡಿಸಿ ಆರತಿ ಎತ್ತುತ್ತಿದ್ದ ಒಬ್ಬ ಜವಳಿ ವ್ಯಾಪಾರಿ, ಒಂದು ಸಲ ಅದರ ಸೇಫ್ಟಿ ವಾಲ್ವಿಗೆ ಮರದ ಬೆಣೆ ಜಡಿದು, ಅಳಿಯನನ್ನು ಸ್ನಾನಕ್ಕೆ ಕಳಿಸಿದ. ಮುಂದೇನಾಯಿತು? ಊಹಿಸು ನೋಡೋಣ," ಎಂದರು ಗುರುಗಳು.

ಶಿಷ್ಯ ಕೇಳಿದ್ದು ಗೀಸರಿನ ವಿಷಯವಲ್ಲ. ಅವನು ಹಿಂದೊಮ್ಮೆ ಅಕ್ಕನಿಗೆ ಆಡಬಾರದ ಮಾತು ಆಡಿದ್ದ. ಅಂದಿನಿಂದ ಪ್ರತಿ ಗೌರಿ ಹಬ್ಬಕ್ಕೂ ತಪ್ಪದೆ ಬಾಗಿನ ಒಯ್ದು, ಅವಳ ಕಾಲಿಗೆ ನಮಸ್ಕರಿಸಿ ಬರುತ್ತಿದ್ದ. ಆ ಮಾತನ್ನು ಮಾತ್ರ ಒಮ್ಮೆಯೂ ಎತ್ತಿರಲಿಲ್ಲ. "ಇಷ್ಟು ಮಾಡಿದರೂ ಅವಳ ಮುಖ ನೋಡಲು ನಾಚಿಕೆ. ಇದು ಯಾಕೆ ಹೋಗುವುದಿಲ್ಲ ಗುರುಗಳೇ?" ಎಂದು ಕೇಳಿದ್ದ. ಅದಕ್ಕೆ ಉತ್ತರವಾಗಿ ಬಂದದ್ದು ಈ ಗೀಸರು.

"ಸಿಡಿದಿರಬೇಕು," ಎಂದ ಶಿಷ್ಯ.

"ಕೇಳಿದವರೆಲ್ಲ ಹಾಗೇ ಅನ್ನುತ್ತಾರೆ," ಎಂದು ಗುರುಗಳು ಕತೆ ಶುರು ಮಾಡಿದರು.

ಆ ವ್ಯಾಪಾರಿಯ ತಾಯಿ ಇದ್ದಾಗ ಮನೆಯಲ್ಲಿ ತಾಮ್ರದ ಹಂಡೆಯಿತ್ತು. ದೀಪಾವಳಿಯ ಎಣ್ಣೆಸ್ನಾನದ ಹಿಂದಿನ ದಿನ, ನೀರು ತುಂಬುವ ಹಬ್ಬಕ್ಕೆ, ಆಕೆ ಹಂಡೆಯ ನೀರನ್ನೆಲ್ಲ ಚೆಲ್ಲಿ, ಒಳಗೆ ಕೈ ಹಾಕಿ ಹುಣಸೆಹಣ್ಣು, ಬೂದಿ ಹಚ್ಚಿ ಉಜ್ಜುವಳು. ಆಮೇಲೆ ಹೊರಮೈಗೆ ಸುಣ್ಣ ಕೆಮ್ಮಣ್ಣಿನ ಗೆರೆ ಎಳೆದು, ಕುತ್ತಿಗೆಗೆ ಹಾಗಲಬಳ್ಳಿ ಸುತ್ತಿ, ಹೊಸ ನೀರು ತುಂಬಿ ಆರತಿ ಬೆಳಗುವಳು. ತಾಯಿ ತೀರಿಕೊಂಡಳು. ಹಂಡೆ ಅಟ್ಟ ಸೇರಿತು. ಗೋಡೆಗೆ ಗೀಸರು ಬಂತು.

ಹಬ್ಬ ಬಂದಾಗ ಹೆಂಡತಿ, "ಈಗೇನು ಮಾಡೋಣ?" ಎಂದಳು.

"ಹಂಡೆ ಗೋಡೆ ಹತ್ತಿದೆ, ಅಷ್ಟೇ. ಪದ್ಧತಿ ಬಿಡಬಾರದು," ಎಂದ ವ್ಯಾಪಾರಿ. ತಾನೇ ಏಣಿ ಹಾಕಿ ಗೀಸರಿನ ಹೊರಮೈ ಒರೆಸಿದ. ಗೆರೆ ಎಳೆದ. ಬಳ್ಳಿ ಸುತ್ತಿದ.

"ಒಳಗಿನ ನೀರು ಚೆಲ್ಲೋದು ಬೇಡವೇ? ಅತ್ತೆ ಮೊದಲು ಅದನ್ನೇ ಮಾಡುತ್ತಿದ್ದರು."

"ಇದಕ್ಕೆ ಬಾಯಿಲ್ಲ ಮಾರಾಯ್ತಿ. ಬಾಯಿಲ್ಲದ್ದನ್ನು ತೊಳೆಯೋದು ಹೇಗೆ?"

ಬಾಯಿ ಇತ್ತು. ಅದು ಅವನಿಗೆ ಗೊತ್ತೂ ಇತ್ತು. ಗೀಸರು ಜೋಡಿಸಿದವನು ಅಡಿಯ ಬಿರಡೆಯನ್ನು ಬೆರಳಿಟ್ಟು ತೋರಿಸಿ, ವರ್ಷಕ್ಕೊಮ್ಮೆಯಾದರೂ ಖಾಲಿ ಮಾಡಿ, ನಿಮ್ಮ ಬೋರ್‌ವೆಲ್ ನೀರು ಗಡಸು ಎಂದು ಹೇಳಿಯೇ ಹೋಗಿದ್ದ. ಮೊದಲ ವರ್ಷ ವ್ಯಾಪಾರಿ ಮಾಡದೆ ಬಿಟ್ಟದ್ದು ಬರೀ ಸೋಮಾರಿತನದಿಂದ. ಮರುವರ್ಷ ಅಡ್ಡ ಬಂದದ್ದು ನಾಚಿಕೆ. ಈಗ ತೆಗೆದರೆ ಹೋದ ವರ್ಷದ ಕೊಳೆಯೂ ಬೀಳುತ್ತದೆ, ಹೆಂಡತಿ ನೋಡುತ್ತಾಳೆ. ಅದರ ಮುಂದಿನ ವರ್ಷ ನಾಚಿಕೆ ಇನ್ನಷ್ಟು ದಪ್ಪವಾಯಿತು. ಗೆರೆಗಳನ್ನೂ ಅವನು ಇನ್ನಷ್ಟು ದಪ್ಪಗೆ ಎಳೆದ. ಓಣಿಯವರು ಬಂದು ನೋಡಿ, ಗೀಸರಿಗೂ ಆಚಾರ ಬಿಡದ ಮನೆ ಎಂದು ಹೊಗಳಿ ಹೋದರು.

ಗೀಸರು ತನ್ನ ಕಷ್ಟ ಹೇಳಿಕೊಳ್ಳದೆ ಇರಲಿಲ್ಲ. ನೀರು ಕಾಯುವಾಗ ಹೊಟ್ಟೆಯೊಳಗೆ ಕಲ್ಲು ಉರುಳಿದಂತೆ ಗುಡುಗುಡು ಅನ್ನತೊಡಗಿತು. ಕೊನೆಗೆ ಮಗ್ಗುಲಿನ ಸೇಫ್ಟಿ ವಾಲ್ವ್ ಸೋರತೊಡಗಿತು. ಒಳಗೆ ಒತ್ತಡ ಹೆಚ್ಚಾದರೆ ಹೊರಗೆ ಬಿಡಲೆಂದೇ ಇರುವ ವಾಲ್ವ್ ಅದು.

ಆ ವರ್ಷ ಮಗಳ ಮದುವೆಯಾಗಿತ್ತು. ಅಳಿಯನ ಮೊದಲ ದೀಪಾವಳಿ, ಜೊತೆಗೆ ಬೀಗರೂ ಬರುವವರು. ನೀರು ತುಂಬುವ ಹಬ್ಬದ ದಿನ ವ್ಯಾಪಾರಿ ಬೆಳಿಗ್ಗೆಯೇ ಏಣಿ ಹತ್ತಿ ಗೆರೆ ಎಳೆದ. ವಾಲ್ವಿನ ನೀರು ತೊಟತೊಟನೆ ಬಿದ್ದು ಕೆಮ್ಮಣ್ಣು ಕರಗಿತು. ಮತ್ತೆ ಎಳೆದ. ಮತ್ತೆ ಕರಗಿತು. ಬೀಗರೆದುರು ಮರ್ಯಾದೆ ಹೋಗುತ್ತದಲ್ಲ ಎಂದು, ಒಂದು ಮರದ ಬೆಣೆಗೆ ಚಿಂದಿ ಸುತ್ತಿ ವಾಲ್ವಿನ ಮೂತಿಗೆ ಜಡಿದ. ಬೆಣೆ ಕಾಣದ ಹಾಗೆ ಮೇಲೊಂದು ಸೇವಂತಿಗೆ ಸಿಕ್ಕಿಸಿದ.

"ಸೋರೋದು ನಿಂತಿದೆಯಲ್ಲ?" ಎಂದಳು ಹೆಂಡತಿ.

"ರಿಪೇರಿ ಮಾಡಿಸಿದೆ," ಎಂದ.

ಬೀಗರು ಬಂದರು. ಗೀಸರನ್ನು ನೋಡಿ ದೊಡ್ಡ ಬೀಗರು ಕೈಯನ್ನೇ ಮುಗಿದರು. "ನಮ್ಮ ಮನೆಯ ಗೀಸರು ಒಂದು ಹೂವನ್ನೂ ಕಂಡಿಲ್ಲ ಮಾರಾಯರೇ. ಇಲ್ಲಿ ಹುಟ್ಟಿದ್ದರೆ ಅದಕ್ಕೂ ಪುಣ್ಯ ಬರುತ್ತಿತ್ತು," ಎಂದು ನಕ್ಕರು. ಪ್ರಯಾಣದ ಧೂಳು ತೊಳೆದುಕೊಳ್ಳಲು ಅಳಿಯ ಟವೆಲ್ ಹೆಗಲಿಗೆ ಹಾಕಿಕೊಂಡು ಬಚ್ಚಲಿಗೆ ಹೋದ. ಸ್ವಿಚ್ ಹಾಕಿ ಆಗಲೇ ಬಹಳ ಹೊತ್ತಾಗಿತ್ತು.

ನಡುಮನೆಯಲ್ಲಿ ಕಾಫಿ ಬಂತು. ವ್ಯಾಪಾರಿ ಲೋಟ ಹಿಡಿದುಕೊಂಡು ಬಚ್ಚಲಿನ ಕಡೆಗೇ ಕಿವಿಯಿಟ್ಟ. ಗುಡುಗುಡು ನಿಂತಿತ್ತು. ಅದರ ಬದಲು ತಗಡು ಬಾಗುವಾಗಿನಂಥ ಒಂದು ಕಟಕಟ. ಉಳಿದವರಿಗೆ ಅದು ಬರೀ ಸದ್ದು. ಅದೇನೆಂದು ತಿಳಿದವನು ಅವನೊಬ್ಬನೇ. ಎದ್ದರೆ ಬೆಣೆಯ ಸುದ್ದಿ ಹೇಳಬೇಕು. ಬೆಣೆಯ ಹಿಂದೆಯೇ ಸುಳ್ಳು, ಸುಳ್ಳಿನ ಹಿಂದೆ ಅಷ್ಟೂ ವರ್ಷದ ಆರತಿ. ಒಂದು ಗುಟುಕು ಕಾಫಿ ಕುಡಿದ. ಇನ್ನೇನು ಸ್ನಾನ ಮುಗಿದೇಬಿಡುತ್ತದೆ ಅಂದುಕೊಂಡ. ಒಳಗೆ ಮಗಳ ಗಂಡ ಹಾಡು ಗುನುಗುತ್ತಿದ್ದ.

ಮತ್ತೊಂದು ಸಲ ಕಟ್ ಎಂದಿತು. ಲೋಟ ಕೆಳಗಿಟ್ಟು ಎದ್ದ. ಓಡಿ ಹೋಗಿ ಹೊರಗಿನ ಸ್ವಿಚ್ ಆರಿಸಿದ, ಮೇನ್ ಸ್ವಿಚ್ಚನ್ನೂ ಇಳಿಸಿದ, ಬಾಗಿಲು ಬಡಿದ. "ಹೇಗಿದ್ದೀರೋ ಹಾಗೇ ಹೊರಗೆ ಬನ್ನಿ!"

ಅಳಿಯ ಸೋಪಿನ ನೊರೆಯಲ್ಲೇ ಬಂದ, ಸೊಂಟಕ್ಕೊಂದು ಟವೆಲ್ಲು. ಬೀಗಿತ್ತಿ ಮುಖ ತಿರುಗಿಸಿಕೊಂಡರು. ಏನಾಯಿತು, ಏನಾಯಿತು ಎಂದರು ಎಲ್ಲರೂ. ವ್ಯಾಪಾರಿ ಗೋಡೆಗೆ ಬೆನ್ನು ಕೊಟ್ಟು ನಿಂತು ಹೇಳಿದ. ಬೆಣೆಯಿಂದ ಶುರು ಮಾಡಿ ಮೊದಲ ವರ್ಷದವರೆಗೆ ಹೇಳಿದ.

ಗೀಸರು ಸಿಡಿಯಲಿಲ್ಲ. ಆದರೆ ಕಾದ ಗೀಸರನ್ನು ಮುಟ್ಟುವ ಹಾಗಿಲ್ಲ, ತಾನಾಗಿ ತಣಿಯಬೇಕು. ಅಲ್ಲಿಯವರೆಗೆ ಬಚ್ಚಲಿನ ಹತ್ತಿರ ಯಾರನ್ನೂ ಬಿಡದೆ, ಎಲ್ಲರ ಕಣ್ಣೆದುರು ಅವನು ಬಾಗಿಲಲ್ಲೇ ಕೂತ. ಅಷ್ಟು ಉದ್ದದ ಮಧ್ಯಾಹ್ನವನ್ನು ಅವನು ಕಂಡಿರಲಿಲ್ಲ. ಪೂರ್ತಿ ತಣಿದ ಮೇಲೆ, ಒಳಗೆ ಬರುವ ತಣ್ಣೀರಿನ ನಲ್ಲಿ ಮುಚ್ಚಿದ. ಗಾಳಿ ಆಡಲೆಂದು ಬಿಸಿನೀರಿನ ನಲ್ಲಿ ತೆರೆದಿಟ್ಟ. ಬೆಣೆ ಕಿತ್ತ. ಅಡಿಗೆ ಬೋಗುಣಿ ಇಟ್ಟು ಬಿರಡೆ ಬಿಚ್ಚಿದ.

ಮೊದಲು ಬಂದದ್ದು ಕೆಂಪು ತುಕ್ಕು. ಅದರ ಹಿಂದೆ ಸುಣ್ಣದ ಚೂರುಗಳು, ಬೋಗುಣಿ ತುಂಬಿ ನೆಲದ ಮೇಲೆಲ್ಲ ಹರಡುವಷ್ಟು.

ದೊಡ್ಡ ಬೀಗರು ಬಗ್ಗಿ ನೋಡಿ, "ಬೀಗರೇ, ನೀವು ಹೊರಗೆ ಎಳೆದದ್ದನ್ನೇ ಅದು ಒಳಗೂ ಎಳೆದುಕೊಂಡಿದೆ," ಎಂದರು.

ಹೆಂಡತಿ ಪೊರಕೆ ತಂದಳು. ಗಂಡನ ಮುಖ ನೋಡದೆ ಮೆಲ್ಲಗೆ ಅಂದಳು: "ಬಾಯಿಲ್ಲ ಅಂದಿದ್ದಿರಿ."

ಬೀಗರ ಮಾತು ಅವನಿಗೆ ನಾಟಿರಲಿಲ್ಲ. ಇದು ನಾಟಿತು. "ಇತ್ತು," ಎಂದ. "ನಿನಗೆ ಸುಳ್ಳು ಹೇಳಿದೆ." ತಣ್ಣೀರು ಬಿಟ್ಟು ಬಿಟ್ಟು, ತಿಳಿನೀರು ಬರುವವರೆಗೆ ಒಳಗನ್ನು ತೊಳೆದ. ಬಿರಡೆ ಬಿಗಿದು, ಬಿಸಿನೀರಿನ ನಲ್ಲಿಯಲ್ಲಿ ಗಾಳಿಯ ಕೆಮ್ಮು ನಿಂತು ನೀರು ಒಂದೇ ಧಾರೆಯಾಗಿ ಬೀಳುವವರೆಗೆ ತುಂಬಿದ. ಹಾಗೆ ತುಂಬದೆ ಸ್ವಿಚ್ ಹಾಕಿದರೆ ಗೀಸರು ಸುಟ್ಟುಹೋಗುತ್ತದೆ. ತುಂಬಿದರೂ, ಹೊಸ ವಾಲ್ವ್ ಹಾಕಿಸುವವರೆಗೆ ಸ್ವಿಚ್ ಮುಟ್ಟಲಿಲ್ಲ. ಮರುದಿನ ಅಳಿಯನ ಎಣ್ಣೆಸ್ನಾನದ ನೀರು ಅಡುಗೆಮನೆಯ ಒಲೆಯ ಮೇಲೆ ಕಾಯಿತು.

ಗೆರೆ ಎಳೆಯಲು ಅವನು ಮತ್ತೆ ಏಣಿ ಹತ್ತಲಿಲ್ಲ. ಹೆಂಡತಿಯೇ ಹತ್ತಿದಳು, ಅವನು ಕೆಳಗೆ ಏಣಿ ಹಿಡಿದುಕೊಂಡು ನಿಂತ.

ಗುರುಗಳು ನಿಲ್ಲಿಸಿದರು. ಶಿಷ್ಯ, "ಪಾಪ, ಬೀಗರೆದುರು ಹಬ್ಬವೇ ಕೆಟ್ಟುಹೋಯಿತಲ್ಲ," ಎಂದ.

ಅದಕ್ಕೆ ಗುರುಗಳು ಅಂದರು:

"ತಾಯಿ ಹೋದ ಮೇಲೆ ಆ ಮನೆಯಲ್ಲಿ ನೀರು ತುಂಬುವ ಹಬ್ಬ ನಡೆದದ್ದೇ ಅವತ್ತು, ಆಶ್ವಯುಜ ಬಹುಳ ತ್ರಯೋದಶಿ, ಮಂಗಳವಾರ."